ಮೆನುವಿನಲ್ಲಿ ನಮ್ಮದೂ ಒಂದು ಸಾಲು

ಕುಕನೂರಿನ ನವಲಿಂಗ ಗುಡಿಗಳ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಬರೆಯಲು ಕೂತವರಿಗೆ ಕಂಟ್ರೋಲ್-ಎಮ್ ಗೊತ್ತಿದ್ದರೆ ಅರ್ಧ ಕೆಲಸ ಹಗುರ. ಒಮ್ಮೆ ಒತ್ತಿದರೆ ಕೀಲಿಮಣೆ ಕನ್ನಡ, ಇನ್ನೊಮ್ಮೆ ಒತ್ತಿದರೆ ಇಂಗ್ಲಿಷ್. ‘ನುಡಿ’ ತಂತ್ರಾಂಶದಲ್ಲಿ ಪಳಗಿದ ಬೆರಳುಗಳಿಗೆ ಕಗಪ ವಿನ್ಯಾಸವೂ ಅಲ್ಲೇ ಇದೆ.

ನನ್ನನ್ನು ಮರುಳು ಮಾಡಿದ್ದು ಮಾತ್ರ ಸದಸ್ಯರ ಹೆಸರಿನಡಿ ಇರುವ ಕಾಮನ್ ಡಾಟ್ ಜೆಎಸ್ ಎಂಬ ಸ್ವಂತ ಕೋಡ್ ಪುಟ. ಅಲ್ಲಿ ‘ಆಡ್‌ಪೋರ್ಟ್‌ಲೆಟ್‌ಲಿಂಕ್’ ಎಂಬ ಒಂದೇ ಸಾಲು ಬರೆದರೆ ಉಪಕರಣಗಳ ಪಟ್ಟಿಯಲ್ಲಿ ನಮ್ಮದೇ ಆಜ್ಞೆ ಮೂಡುತ್ತದೆ. ಮೊದಲು ಯಾವ ಮೆನು ಎಂದು ಹೇಳಬೇಕು, ಆಮೇಲೆ ಕೊಂಡಿ, ಕಾಣಿಸುವ ಹೆಸರು. ಹೆಸರು ಅಚ್ಚಗನ್ನಡದಲ್ಲೇ ಇರಲಿ, ‘ಖಾಲಿ ಜಾಗ ತೆಗೆ’ ಅಂತ! ಅದೇ ಸಾಲಿನ ಆರನೆಯ ಜಾಗದಲ್ಲಿ ಒಂದು ಅಕ್ಷರ, ಅದೇ ಶಾರ್ಟ್‌ಕಟ್.

ಜಾಣತನ ಇರುವುದು ಇಲ್ಲಿ. ವಿವರದ ಮಾತೂ ಬರೆದಿದ್ದರೆ, ಮೌಸ್ ಹತ್ತಿರ ಒಯ್ದಾಗ ಒತ್ತಬೇಕಾದ ಕೀಲಿಗಳೂ ಅದರ ಜೊತೆ ಕಾಣುತ್ತವೆ: ವಿಂಡೋಸ್‌ನ ಫೈರ್‌ಫಾಕ್ಸ್‌ನಲ್ಲಿ ಆಲ್ಟ್-ಶಿಫ್ಟ್, ಮ್ಯಾಕ್‌ನಲ್ಲಿ ಕಂಟ್ರೋಲ್-ಆಪ್ಷನ್. ಬರೆದವರು ಕೊಟ್ಟದ್ದು ಒಂದಕ್ಷರ. ಯಾರ ಮನೆಯ ಬ್ರೌಸರ್ ಯಾವುದೆಂದು ವಿಕಿಯೇ ಲೆಕ್ಕ ಹಾಕಿಕೊಳ್ಳುತ್ತದೆ. ಅಕ್ಷರ ಆರಿಸುವಾಗ ಮಾತ್ರ ಜೋಕೆ. ಎಸ್ ಉಳಿಸುವುದಕ್ಕೆ, ಪಿ ಮುನ್ನೋಟಕ್ಕೆ, ಎಫ್ ಹುಡುಕಾಟಕ್ಕೆ ಆಗಲೇ ಹೋಗಿವೆ.