ನ್ಯಾಸವನ್ನು ಕಾಯ್ದ ಕರ್ಕರಾಜ: ಸೂರತ್ ತಾಮ್ರಶಾಸನದ ಒಂದು ವಿಮರ್ಶೆ

ಅಮೋಘವರ್ಷ ನೃಪತುಂಗನೆಂದೊಡನೆ ನಮಗೆ ನೆನಪಾಗುವವರು ಆತನ ಪೂಜ್ಯ ಗುರು ಜಿನಸೇನಾಚಾರ್ಯರು. ನೆನಪಾಗುವ ಕೃತಿ ‘ಕವಿರಾಜಮಾರ್ಗ’. ಕ್ರಿ.ಶ. 814ರಲ್ಲಿ ಮುಮ್ಮಡಿ ಗೋವಿಂದನ ತರುವಾಯ ರಾಷ್ಟ್ರಕೂಟ ಸಿಂಹಾಸನವನ್ನೇರಿದಾಗ ಆತನಿನ್ನೂ ಬಾಲಕನಾಗಿದ್ದನು. ರಾಜ್ಯಭಾರದ ಹೊಣೆಯನ್ನು ಹೊತ್ತವನು ಚಿಕ್ಕಪ್ಪ ಇಂದ್ರನ ಮಗನೂ ಲಾಟದೇಶದ ಅಧಿಪತಿಯೂ ಆದ ಕರ್ಕ ಸುವರ್ಣವರ್ಷ. ಈತನನ್ನು ನಾವು ಸ್ಮರಿಸುವುದು ವಿರಳ.

ಬಾಲಚಕ್ರವರ್ತಿಯ ವಿರುದ್ಧ ಸಾಮಂತರೂ ದಾಯಾದಿಗಳೂ ದಂಗೆಯೆದ್ದರು, ಸಿಂಹಾಸನ ಕೈತಪ್ಪಿತು. ಕರ್ಕನು ಅವರನ್ನು ಸೋಲಿಸಿ ಅಮೋಘವರ್ಷನನ್ನು ಅವನ ಸ್ವಸ್ಥಾನದಲ್ಲಿ ನಿಲ್ಲಿಸಿದನೆಂದು ಶಕ 743ರ, ಎಂದರೆ ಕ್ರಿ.ಶ. 821ರ, ಸೂರತ್ ತಾಮ್ರಶಾಸನ ಹೇಳುತ್ತದೆ. ನಾಗಸಾರಿಕೆಯ, ಎಂದರೆ ಇಂದಿನ ನವಸಾರಿಯ, ಜೈನ ವಸತಿಗೆ ಭೂದಾನವಿತ್ತ ಶಾಸನವೂ ಇದೇ.

ಪ್ರಶಸ್ತಿಕಾವ್ಯಗಳಲ್ಲಿ ಅತಿಶಯೋಕ್ತಿ ಸಹಜ. ಅಲ್ಲಿ ನಾಯಕನು ಗೆದ್ದದ್ದೆಲ್ಲವೂ ನಾಯಕನದೇ. ಈ ಶಾಸನದ ವೈಶಿಷ್ಟ್ಯವೆಂದರೆ, ಇಲ್ಲಿ ನಾಯಕನ ಪರಮಸಾಧನೆಯು ಮತ್ತೊಬ್ಬನಿಗೆ ಸಲ್ಲಬೇಕಾದುದನ್ನು ಸಲ್ಲಿಸಿದ್ದು. ಸೈನ್ಯ ಕೈಯಲ್ಲಿತ್ತು, ರಾಜವಂಶದ ರಕ್ತವೂ ಇತ್ತು; ಆದರೂ ಕರ್ಕನು ಆ ಪೀಠದಲ್ಲಿ ತಾನು ಕೂರಲಿಲ್ಲ. ‘ತತ್ತ್ವಾರ್ಥಸೂತ್ರ’ವು ಸತ್ಯಾಣುವ್ರತದ ಅತಿಚಾರಗಳಲ್ಲಿ ‘ನ್ಯಾಸಾಪಹಾರ’ವನ್ನು, ಎಂದರೆ ನಂಬಿ ಒಪ್ಪಿಸಿದ ಇಡುಗಂಟನ್ನು ಅಪಹರಿಸುವುದನ್ನು, ಎಣಿಸಿದೆ. ಬಾಲಕನ ರಾಜ್ಯಕ್ಕಿಂತ ದೊಡ್ಡ ನ್ಯಾಸ ಯಾವುದು? ಕರ್ಕನ ಹಿರಿಮೆಯನ್ನು ಅವನ ಖಡ್ಗದಲ್ಲಿ ಅರಸುವುದಕ್ಕಿಂತ ಈ ಅತಿಚಾರದಿಂದ ದೂರವುಳಿದ ಅವನ ಸಂಯಮದಲ್ಲಿ ಅರಸುವುದು ಯುಕ್ತ.

ಶಾಸನಕವಿಯ ಕೊರತೆಯನ್ನೂ ಹೇಳಬೇಕು. ಯುದ್ಧದಲ್ಲಿ ಮಡಿದವರ ನೋವು ಈ ಪದ್ಯಗಳಿಗೆ ತಟ್ಟಿಲ್ಲ. ಗೃಹಸ್ಥನಿಗೆ ವಿರೋಧಿಹಿಂಸೆ ಅನಿವಾರ್ಯವಾದೀತು. ಅಷ್ಟರಿಂದ ಅದು ಹಿಂಸೆಯಲ್ಲವೆಂದಾಗದು. ವಿಜಯವನ್ನು ವರ್ಣಿಸುವ ಲೇಖನಿಗೆ ಆ ವಿವೇಕವಿದ್ದಿದ್ದರೆ ಕಾವ್ಯದ ತೂಕ ಹೆಚ್ಚುತ್ತಿತ್ತು.

ಮುಂದಿನ ಕಥೆ ಇನ್ನೂ ಕಠೋರವಾದುದು. ಕರ್ಕನ ಮಗ ಧ್ರುವನು ವಲ್ಲಭನೊಡನೆ ಹೋರಾಡಿ ರಣರಂಗದಲ್ಲಿ ಮಡಿದನೆಂದು ಕ್ರಿ.ಶ. 867ರ ಬಗುಮ್ರಾ ಶಾಸನದಿಂದ ತಿಳಿದುಬರುತ್ತದೆ. ಆ ವಲ್ಲಭನು ಅಮೋಘವರ್ಷನೇ ಎಂಬುದು ಇತಿಹಾಸಕಾರರ ಅಭಿಪ್ರಾಯ. ತಂದೆ ಕಾಯ್ದ ಚಕ್ರವರ್ತಿಯೊಡನೆಯೇ ಮಗನ ಕಾಳಗ! ಯಾರ ತಪ್ಪೆಷ್ಟೆಂದು ತೂಗುವುದು ಇಲ್ಲಿ ಉದ್ದೇಶವಲ್ಲ. ಅಧಿಕಾರ ವಂಶಪಾರಂಪರ್ಯವಾಗಿ ಬರಬಹುದು, ವಿಶ್ವಾಸ ಹಾಗೆ ಬರುವುದಿಲ್ಲವೆಂಬುದಷ್ಟೇ ಇದರಿಂದ ಸ್ಪಷ್ಟ.

ಬಸದಿಯ ಆಸ್ತಿ, ಅನಾಥ ಬಾಲಕನ ಪಾಲು, ಸಂಘದ ನಿಧಿ ಇವುಗಳ ಹೊಣೆ ಹೊತ್ತವರೆಲ್ಲರೂ ಒಂದರ್ಥದಲ್ಲಿ ಕರ್ಕರಾಜನ ಸ್ಥಾನದಲ್ಲಿದ್ದಾರೆ. ಕಾಯ್ದದ್ದು ಎಷ್ಟು ಎಂಬುದರ ಜೊತೆಗೆ, ಹಿಂದಿರುಗಿಸಿದ್ದು ಎಷ್ಟು ಎಂಬ ಪ್ರಶ್ನೆಗೂ ಶ್ರಾವಕನು ಉತ್ತರಿಸಬೇಕಾಗುತ್ತದೆ.