ನಡುಗೂಟ ಮೊದಲು, ಕಲ್ಲು ಆಮೇಲೆ

ಬ್ರೇಕ್ ಆಯಿಲಿನ ಆಯುಸ್ಸನ್ನು ಕುರಿತು ಈ ವಾರ ಬರೆಯುವೆನೆಂದು ಕಳೆದ ಸಲ ಮಾತು ಕೊಟ್ಟಿದ್ದೆ. ಅದನ್ನು ಮುಂದಿನ ವಾರಕ್ಕೆ ತಳ್ಳಬೇಕಾಗಿ ಬಂದಿರುವುದಕ್ಕೆ ಓದುಗರು ಮನ್ನಿಸಬೇಕು. ನೆರೆಮನೆಯ ಮಿತ್ರರೊಬ್ಬರು ಐದು ತಿಂಗಳ ಹಿಂದೆಯಷ್ಟೇ ತಮ್ಮ ಸಣ್ಣ ಕಾರಿನ ಮುಂಚಕ್ರಗಳಿಗೆ ಹೊಸ ಡಿಸ್ಕುಗಳ ಜೋಡಿಯನ್ನು ಹಾಕಿಸಿದ್ದರು. ಹೆದ್ದಾರಿಯಲ್ಲಿ ಬ್ರೇಕನ್ನು ಒತ್ತಿದೊಡನೆ ಸ್ಟಿಯರಿಂಗು ಮತ್ತೆ ಹಿಂದಿನಂತೆಯೇ ಕೈಯಲ್ಲಿ ನಡುಗತೊಡಗಿದುದರಿಂದ ಕಂಗೆಟ್ಟು ಗ್ಯಾರೇಜಿಗೆ ಹೋದರು. ಅಲ್ಲಿ ಅವರಿಗೆ ದೊರೆತ ಉತ್ತರ ಇದು: “ಆಗುಂಬೆ ಘಾಟಿ ಇಳಿದಿದ್ರಾ ಸಾರ್? ಹಾಗಾದ್ರೆ ಬಿಸಿಗೆ ಡಿಸ್ಕ್ ಬೆಂಡ್ ಆಗಿದೆ. ಜೋಡಿ ಚೇಂಜ್ ಮಾಡಿಬಿಡಿ.” ಈ ಮಾತನ್ನು ಅವರು ಸೋಮವಾರ ಸಂಜೆ ನನ್ನ ಜಗಲಿಯ ಮೇಲೆ ಕುಳಿತು ಹೇಳಿದಾಗ, ಬ್ರೇಕ್ ಆಯಿಲಿನ ವಿಚಾರ ನನ್ನ ಮನಸ್ಸಿನಿಂದ ಪೂರ್ತಿಯಾಗಿ ಹೊರಟುಹೋಯಿತು.

ಡಿಸ್ಕ್ ಬೆಂಡ್ ಎಂಬ ಈ ಎರಡು ಪದಗಳೊಡನೆ ನನ್ನ ವ್ಯಾಜ್ಯ ಹಳೆಯದೆಂಬುದನ್ನು ಈ ಅಂಕಣದ ಓದುಗರು ಬಲ್ಲರು. ನಡುಕದ ಚಿಕಿತ್ಸೆಯಲ್ಲಿ ನಮ್ಮಲ್ಲಿ ಎರಡು ಸಂಪ್ರದಾಯಗಳು ನಡೆದುಬಂದಿವೆ. ಒಂದು, ನಡುಕವೆಂದ ಕೂಡಲೆ ಡಿಸ್ಕನ್ನು ಕಳಚಿ ಗುಜರಿಗೆ ಹಾಕುವುದು. ಇನ್ನೊಂದು, ಅದೇ ಡಿಸ್ಕನ್ನು ಲೇತಿಗೆ ಕಳುಹಿಸಿ ಮೈ ಸವರಿಸಿ ತರುವುದು. ಪರಸ್ಪರ ವಿರೋಧಿಗಳೆಂದು ತಮ್ಮನ್ನು ತಾವು ಭಾವಿಸಿಕೊಂಡಿರುವ ಈ ಎರಡು ಸಂಪ್ರದಾಯದವರೂ ಒಂದು ಮೂಲಭೂತವಾದ ತಪ್ಪಿನಲ್ಲಿ ಒಂದಾಗಿದ್ದಾರೆ: ಡಿಸ್ಕನ್ನು ನೋಡುತ್ತಾರೆಯೇ ಹೊರತು, ಅದು ಕುಳಿತ ಪೀಠವನ್ನು ನೋಡುವುದಿಲ್ಲ.

ಬಾಗಿದ ಡಿಸ್ಕು ತಾನಾಗಿಯೇ ಪೆಡಲನ್ನು ನಡುಗಿಸಲಾರದೆಂಬುದನ್ನು ತಿಳಿಯುವುದಕ್ಕೆ ಯಂತ್ರಶಾಸ್ತ್ರದ ಪಾಂಡಿತ್ಯವೇನೂ ಬೇಡ. ನಮ್ಮ ಸಾಮಾನ್ಯ ಕಾರುಗಳಲ್ಲಿ, ಡಿಸ್ಕನ್ನು ಎರಡು ಕಡೆಯಿಂದಲೂ ಒತ್ತುವ ಪ್ಯಾಡುಗಳನ್ನು ಹೊತ್ತ ಕ್ಯಾಲಿಪರು ಎರಡು ಪಿನ್ನುಗಳ ಮೇಲೆ ಜಾರುವಂಥದು. ಡಿಸ್ಕಿನ ಮೈ ಎಡಕ್ಕೋ ಬಲಕ್ಕೋ ಕೊಂಚ ತೂಗಾಡಿದರೆ, ಆ ಪಿನ್ನುಗಳು ಒಣಗಿ ಹಿಡಿದುಕೊಂಡಿರದ ಪಕ್ಷದಲ್ಲಿ, ಕ್ಯಾಲಿಪರೂ ಅದರೊಡನೆ ತೂಗಾಡಿ ಸುಮ್ಮನಾಗುತ್ತದೆ. ಆದರೆ ಡಿಸ್ಕಿನ ದಪ್ಪವೇ ಒಂದು ಕಡೆ ಹೆಚ್ಚಾಗಿ ಮತ್ತೊಂದು ಕಡೆ ಕಡಮೆಯಾಗಿದ್ದರೆ ವಿಷಯ ಬೇರೆ. ದಪ್ಪ ಭಾಗವು ಪ್ಯಾಡುಗಳ ನಡುವೆ ಬಂದಾಗಲೆಲ್ಲ ಎರಡು ಪ್ಯಾಡುಗಳನ್ನೂ ದೂರ ತಳ್ಳುತ್ತದೆ, ಪಿಸ್ಟನ್ ಹಿಂದೆ ಸರಿಯುತ್ತದೆ, ಆಯಿಲಿನ ಒತ್ತಡ ಏರುತ್ತದೆ. ತೆಳು ಭಾಗ ಬಂದಾಗ ಇಳಿಯುತ್ತದೆ. ಈ ಏರಿಳಿತವೇ ಪೆಡಲಿನಲ್ಲಿ ಮಿಡಿತವಾಗಿಯೂ ಸ್ಟಿಯರಿಂಗಿನಲ್ಲಿ ಕಂಪನವಾಗಿಯೂ ನಮಗೆ ತಲುಪುವುದು. ಇದಕ್ಕೆ ಬೇಕಾದ ವ್ಯತ್ಯಾಸವಾದರೂ ಎಷ್ಟು? ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲು, ಎಂದರೆ 0.02 ಮಿ.ಮೀ. ಇದ್ದರೆ ಸಾಕು. ತಲೆಗೂದಲಿನ ದಪ್ಪ ಇದರ ಮೂರರಷ್ಟಾದರೂ ಆದೀತು. ಕಣ್ಣಿಗೆ ಕಾಣದ, ಬೆರಳಿಗೆ ಸಿಕ್ಕದ ಈ ಅಲ್ಪವನ್ನು ಬೆಂಡ್ ಎಂಬ ಸ್ಥೂಲವಾದ ಮಾತಿನಿಂದ ಕರೆಯುವುದೇ ನಿದಾನದ ಮೊದಲನೆಯ ದೋಷ.

ಈ ಸಂದರ್ಭದಲ್ಲಿ ನಾನು ಮತ್ತೆ ಮತ್ತೆ ತೆರೆದು ಓದುವ ಪ್ರಬಂಧವೊಂದುಂಟು. ಫೋರ್ಡ್ ಕಂಪನಿಯ ಜಿ.ಟಿ. 40 ಪಂದ್ಯದ ಕಾರುಗಳ ತಂಡದಲ್ಲಿ ದುಡಿದು, ‘ಪ್ರಿಪೇರ್ ಟು ವಿನ್’, ‘ಟ್ಯೂನ್ ಟು ವಿನ್’ ಮೊದಲಾದ ಗ್ರಂಥಗಳನ್ನು ಬರೆದ ಅಮೆರಿಕದ ಕ್ಯಾರಲ್ ಸ್ಮಿತ್ ಅವರು, ಬಾಗಿದ ಡಿಸ್ಕೆಂಬ ಮಿಥ್ಯೆಯನ್ನು ಕುರಿತು ಬರೆದದ್ದು ಅದು. ನಲವತ್ತು ವರ್ಷಗಳಿಗೆ ಮಿಕ್ಕ ತಮ್ಮ ವೃತ್ತಿಜೀವನದಲ್ಲಿ ಬಿಸಿಗೆ ಬಾಗಿದ ಡಿಸ್ಕೊಂದನ್ನು ತಾವು ಕಂಡೇ ಇಲ್ಲವೆಂದೂ, ಬಾಗಿದೆಯೆಂದು ತಮ್ಮ ಬಳಿಗೆ ಬಂದ ಡಿಸ್ಕುಗಳಲ್ಲೆಲ್ಲ ಪ್ಯಾಡಿನ ದ್ರವ್ಯವು ಮೈಮೇಲೆ ಸಮವಾಗಿ ಹರಡದೆ ತೇಪೆ ತೇಪೆಯಾಗಿ ಅಂಟಿಕೊಂಡದ್ದೇ ಕಾರಣವಾಗಿ ಕಂಡುಬಂದಿತೆಂದೂ ಅವರು ಅಲ್ಲಿ ಹೇಳುತ್ತಾರೆ. ಹಾಗೆ ಅಂಟಿದ ತೇಪೆಯು ಮಿಕ್ಕ ಭಾಗಕ್ಕಿಂತ ಹೆಚ್ಚು ಉಜ್ಜಿ ಹೆಚ್ಚು ಕಾಯುತ್ತದೆ. ಕಾವು ಸುಮಾರು 650–700 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ಅದರ ಅಡಿಯ ಎರಕದ ಕಬ್ಬಿಣವು ಸಿಮೆಂಟೈಟ್ ಎಂಬ ಕಠಿಣವಾದ ರೂಪವನ್ನು ತಾಳುತ್ತದೆ. ಆ ಗಟ್ಟಿ ಚುಕ್ಕೆ ಸುತ್ತಲಿನ ಲೋಹದಂತೆ ಸವೆಯದುದರಿಂದ, ಲೇತಿನಲ್ಲಿ ಎಷ್ಟು ಸವರಿದರೂ ಕೆಲದಿನಗಳಲ್ಲಿ ಮತ್ತೆ ತಲೆಯೆತ್ತುತ್ತದೆ. ಇಂಥ ಕಾವಿನ ನೀಲಿ ಕಲೆಗಳು ಆಳವಾಗಿ ಬೇರೂರಿದ ಡಿಸ್ಕನ್ನು ಬದಲಿಸುವುದೇ ಲೇಸೆಂದು ನಾನು ಹೇಳುವುದು ಇದರಿಂದ.

ಸ್ಮಿತ್ ಅವರ ಈ ತೀರ್ಪನ್ನು ಈಗ ಬಹಳ ಮಂದಿ ಉದ್ಧರಿಸುತ್ತಾರೆ. ಆದರೆ ಆ ತೀರ್ಪಿಗೆ ಅವರೇ ಸೇರಿಸಿದ ಒಂದು ಉಪಾಧಿಯನ್ನು ಯಾರೂ ಎತ್ತಿ ಹೇಳುವುದಿಲ್ಲ. ಡಿಸ್ಕು ಕೂರುವ ಪೀಠವಾದ ಹಬ್ಬಿನ ಮತ್ತು ಚಕ್ರದ ಮುಖಗಳು ಸಮತಟ್ಟಾಗಿ ಶುದ್ಧವಾಗಿದ್ದು, ನಟ್ಟುಬೋಲ್ಟುಗಳನ್ನು ಯೋಗ್ಯವಾದ ಕ್ರಮದಲ್ಲಿ, ವಿಧಿಸಿದಷ್ಟೇ ಬಲದಿಂದ, ಎಲ್ಲವನ್ನೂ ಸಮನಾಗಿ ಬಿಗಿದಿದ್ದ ಪಕ್ಷದಲ್ಲಿ ಮಾತ್ರ ತಮ್ಮ ಮಾತು ಸತ್ಯವೆಂಬುದು ಆ ಉಪಾಧಿಯ ತಾತ್ಪರ್ಯ. ಪಂದ್ಯದ ಕಾರಿನ ಕೆಲಸಗಾರನಿಗೆ ಇದು ಹೇಳದೆಯೂ ನಡೆಯುವ ಮಾತು. ನಮ್ಮ ಊರುಗಳ ಗ್ಯಾರೇಜುಗಳಲ್ಲಿ ನಡೆಯದಿರುವುದು ಇದೊಂದೇ. ತೀರ್ಪಿಗಿಂತಲೂ ಈ ಉಪಾಧಿಯೇ ನಮಗೆ ದೊಡ್ಡ ಗ್ರಂಥವೆಂದು ನಾನು ಭಾವಿಸುತ್ತೇನೆ.

ಮಿತ್ರರ ಕಾರಿನ ಕಥೆಯೇ ಇದಕ್ಕೆ ಸಾಕ್ಷಿ. ಭಾನುವಾರದ ಬೆಳಗ್ಗೆ ಮೊದಲು ಹೆದ್ದಾರಿಗೆ ಹೋದೆವು. ಬ್ರೇಕು ಹಿಡಿಯದಿದ್ದಾಗ ಸ್ಟಿಯರಿಂಗು ನಿಶ್ಚಲವಾಗಿತ್ತು. ಆದುದರಿಂದ ಟೈರಿನ ಬ್ಯಾಲೆನ್ಸಿನ ದೋಷವಲ್ಲ. ಹಿಡಿದಾಗ ನಡುಗಿದ್ದು ಸ್ಟಿಯರಿಂಗೇ ಹೊರತು ಆಸನವಲ್ಲ. ಬರಿದಾದ ರಸ್ತೆಯಲ್ಲಿ, ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದಾಗಲೂ ನಡುಕವಿರಲಿಲ್ಲ. ಆದುದರಿಂದ ಹಿಂದಿನ ಡ್ರಮ್ಮುಗಳು ನಿರ್ದೋಷಿಗಳು. ನಡುಕ ಕಾಣಿಸಿದ್ದು ಗಂಟೆಗೆ 100ರಿಂದ 80 ಕಿಲೋಮೀಟರಿಗೆ ಇಳಿಯುವಷ್ಟರಲ್ಲಿ ಮಾತ್ರ. ಇದಕ್ಕೂ ಕಾರಣವುಂಟು. 90ರ ವೇಗವೆಂದರೆ ಸೆಕೆಂಡಿಗೆ 25 ಮೀಟರ್. ಸಣ್ಣ ಕಾರಿನ ಚಕ್ರದ ಸುತ್ತಳತೆ ಸುಮಾರು 1.8 ಮೀಟರ್; ಎಂದರೆ ಚಕ್ರವು ಸೆಕೆಂಡಿಗೆ ಹದಿನಾಲ್ಕು ಸಲ ಸುತ್ತುತ್ತಿರುತ್ತದೆ, ಮತ್ತು ಸ್ಟಿಯರಿಂಗಿನ ಕಂಬವೂ ಮುಂಭಾಗದ ಸಸ್ಪೆನ್ಷನ್ನೂ ಓಗೊಟ್ಟು ಕುಣಿಯುವುದು ಹೆಚ್ಚು ಕಡಮೆ ಇದೇ ಲಯಕ್ಕೆ. ಗ್ಯಾರೇಜಿನ ಮುಂದಿನ ಗಲ್ಲಿಯಲ್ಲಿ 30ರ ವೇಗದಲ್ಲಿ ಒಂದು ಸುತ್ತು ಹೋಗಿಬಂದು “ಏನೂ ಇಲ್ಲವಲ್ಲ ಸಾರ್” ಎಂದವನು ಸುಳ್ಳಾಡಲಿಲ್ಲ. ಅವನು ಪರೀಕ್ಷಿಸಿದ ವೇಗವೇ ತಪ್ಪು.

ಮನೆಗೆ ಬಂದು ಚಕ್ರಗಳನ್ನು ಬಿಚ್ಚಿ, ನಟ್ಟುಗಳನ್ನು ವಾಷರು ಕೊಟ್ಟು ಮತ್ತೆ ಬಿಗಿದು, ಡಿಸ್ಕಿನ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಡಯಲ್ ಗೇಜಿನ ಮುಳ್ಳನ್ನು ನಿಲ್ಲಿಸಿ ತಿರುಗಿಸಿದೆವು. ಬಲಗಡೆಯದು 0.04 ಮಿ.ಮೀ. ತೂಗಿತು, ಎಡಗಡೆಯದು 0.11. ಮೈಕ್ರೋಮೀಟರಿನಿಂದ ಎಂಟು ಕಡೆ ದಪ್ಪವನ್ನು ಅಳೆದಾಗ ಎಡ ಡಿಸ್ಕಿನಲ್ಲಿ 0.025ರ ವ್ಯತ್ಯಾಸ ಸಿಕ್ಕಿತು. ಡಿಸ್ಕನ್ನು ಕಳಚಿ ಹಬ್ಬಿನ ಮುಖವನ್ನು ನೋಡಿದರೆ, ಒಂದು ಬೋಲ್ಟಿನ ಬುಡದಲ್ಲಿ ಹಳೆಯ ತುಕ್ಕಿನ ಚಕ್ಕೆಯೊಂದು ಹೊಸ ಡಿಸ್ಕಿನ ಅಡಿ ಸಿಕ್ಕಿ ಅಪ್ಪಚ್ಚಿಯಾಗಿ ಕುಳಿತಿತ್ತು.

ಐದು ತಿಂಗಳು ಸುಮ್ಮನಿದ್ದುದು ಈಗೇಕೆ ನಡುಗಿತೆಂಬ ಪ್ರಶ್ನೆಗೆ ಉತ್ತರ ಈ ಚಕ್ಕೆಯಲ್ಲಿಯೇ ಇದೆ. ಹಬ್ಬಿನ ಮುಖದ ಮೇಲೆ ಅದು 0.05 ಮಿ.ಮೀ. ಇದ್ದರೂ, ಡಿಸ್ಕಿನ ಹೊರ ಅಂಚಿಗೆ ಬರುವಾಗ 0.08ಕ್ಕೂ ಮಿಕ್ಕಿ ಹಿಗ್ಗುತ್ತದೆ. ಹೀಗೆ ಓರೆಯಾಗಿ ಕುಳಿತ ಡಿಸ್ಕು, ಬ್ರೇಕನ್ನು ಹಿಡಿಯದೆ ಸುಮ್ಮನೆ ಓಡುತ್ತಿರುವಾಗಲೂ, ಸುತ್ತಿಗೊಮ್ಮೆ ತನ್ನ ಉಬ್ಬಿದ ಭಾಗವನ್ನು ಪ್ಯಾಡಿಗೆ ಸೋಕಿಸುತ್ತದೆ. ಸೋಕಿದಾಗಲೊಮ್ಮೆ ಅಲ್ಲಿನ ಲೋಹ ಎಳ್ಳಿನ ಕಾಳಿನ ಕೋಟಿಯ ಪಾಲಿನಷ್ಟು ಸವೆಯುತ್ತದೆ, ಇಲ್ಲವೆ ಪ್ಯಾಡಿನ ದ್ರವ್ಯವು ಅಷ್ಟೇ ಸೂಕ್ಷ್ಮವಾಗಿ ಮೆತ್ತುತ್ತದೆ. ಕಿಲೋಮೀಟರಿಗೆ 555 ಸುತ್ತು. ಮಿತ್ರರು ಓಡಿಸಿದ್ದ 6,000 ಕಿಲೋಮೀಟರಿಗೆ 33 ಲಕ್ಷಕ್ಕೂ ಮಿಕ್ಕ ಸುತ್ತುಗಳು. ಅಷ್ಟು ಸೋಕುಗಳ ಫಲವೇ ಈ 0.025. ಡಿಸ್ಕನ್ನು ಹಾಕಿದ ದಿನ ಎಲ್ಲವೂ ಸರಿಯಾಗಿಯೇ ಇರುತ್ತದೆ. ತಪ್ಪು ಫಲಕ್ಕೆ ಬರುವ ಹೊತ್ತಿಗೆ, ಮಾಡಿದವನೂ ಮಾಡಿಸಿದವನೂ ಆ ದಿನವನ್ನು ಮರೆತಿರುತ್ತಾರೆ. ಆಗ ಅಪವಾದವು ಘಾಟಿಯ ಮೇಲೆ ಬೀಳುತ್ತದೆ.

ಘಾಟಿಗೂ ನ್ಯಾಯ ಸಲ್ಲಬೇಕು. ನಾಲ್ಕು ಜನರನ್ನು ಹೊತ್ತ 1,200 ಕಿಲೋ ತೂಕದ ಕಾರು ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಐನೂರು ಮೀಟರ್ ಇಳಿಯಿತೆಂದರೆ, ಅದು ಕಳೆದುಕೊಳ್ಳುವ ಶಕ್ತಿಯು ಬಚ್ಚಲುಮನೆಯ ಹಂಡೆಯಲ್ಲಿ ಇಪ್ಪತ್ತು ಲೀಟರ್ ತಣ್ಣೀರನ್ನು ಕುದಿಯುವ ಸಮೀಪಕ್ಕೆ ತರಬಲ್ಲುದು. ಎರಡನೆಯ ಗೇರಿನಲ್ಲಿ ಇಳಿದವನು ಅದರಲ್ಲಿ ಒಳ್ಳೆಯ ಪಾಲನ್ನು ಎಂಜಿನ್ನಿಗೆ ಒಪ್ಪಿಸುತ್ತಾನೆ. ನ್ಯೂಟ್ರಲ್ಲಿನಲ್ಲಿ ಇಳಿದವನು ಹೆಚ್ಚುಕಡಮೆ ಎಲ್ಲವನ್ನೂ ಡಿಸ್ಕು ಡ್ರಮ್ಮುಗಳ ತಲೆಗೆ ಕಟ್ಟುತ್ತಾನೆ. ಹೀಗೆ ಕಾದ ಡಿಸ್ಕು ಬಾಗುವುದಿಲ್ಲ. ಆದರೆ ಘಾಟಿಯ ಬುಡದಲ್ಲಿ ಕಾರನ್ನು ನಿಲ್ಲಿಸಿ ಕಾಲನ್ನು ಪೆಡಲಿನ ಮೇಲೆಯೇ ಒತ್ತಿ ಹಿಡಿದರೆ, ಬಿಸಿಯಾದ ಪ್ಯಾಡು ತನ್ನ ಅಚ್ಚನ್ನು ಡಿಸ್ಕಿನ ಆ ಒಂದು ಭಾಗದಲ್ಲಿ ಒತ್ತಿಬಿಡುತ್ತದೆ. ಆದುದರಿಂದ ಕೆಳಗಿಳಿದ ಮೇಲೆ ಒಂದೆರಡು ಮೈಲಿ ಸುಮ್ಮನೆ ಓಡಿಸಿ ಗಾಳಿಗೆ ಆರಲು ಬಿಟ್ಟು, ಆಮೇಲೆ ನಿಲ್ಲುವುದು ಉತ್ತಮ. ಕರಾವಳಿಯವರಿಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಕಾರಿನ ಡಿಸ್ಕು, ಪ್ಯಾಡು ಮುಚ್ಚಿದಷ್ಟು ಜಾಗವನ್ನು ಬಿಟ್ಟು ಉಳಿದ ಕಡೆ ತುಕ್ಕು ಹಿಡಿದು, ಪ್ಯಾಡಿನ ಆಕಾರವನ್ನೇ ಅಚ್ಚೊತ್ತಿಕೊಳ್ಳುವುದುಂಟು.

ಇಲ್ಲಿಗೆ ಬರುವಾಗ ನನ್ನ ನೆನಪು ಗ್ಯಾರೇಜನ್ನು ಬಿಟ್ಟು ನಮ್ಮ ಹಳೆಯ ಮನೆಯ ನಡುಮನೆಗೆ ಹೋಗುತ್ತದೆ. ರಾಗಿ ಬೀಸುವ ಕಲ್ಲು ಅಲ್ಲಿತ್ತು. ಹಿಟ್ಟು ತರಿ ತರಿಯಾಗಿ ಬರತೊಡಗಿತೆಂದರೆ ಅಜ್ಜಿಯು ಕಲ್ಲು ಕುಟ್ಟುವವಳಿಗೆ ಹೇಳಿಕಳುಹಿಸುತ್ತಿದ್ದರು. ಆಕೆ ಬಂದವಳು ಉಳಿ ಸುತ್ತಿಗೆಗಳನ್ನು ಚೀಲದಿಂದ ತೆಗೆಯುತ್ತಿರಲಿಲ್ಲ. ಮೊದಲು ಮೇಲಿನ ಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟು, ಕೆಳಗಿನ ಕಲ್ಲಿನ ನಡುಗೂಟವನ್ನು ಎರಡು ಬೆರಳುಗಳಿಂದ ಹಿಡಿದು ಅಲ್ಲಾಡಿಸುವಳು. ಗೂಟ ಸಡಿಲವಾಗಿದ್ದರೆ ಹಳೆಯ ಬಟ್ಟೆಯ ಚೂರೊಂದನ್ನು ಸುತ್ತಿ ಬಡಿದು ಬಿಗಿ ಮಾಡಿ, ಮೇಲುಗಲ್ಲನ್ನು ಕೂರಿಸಿ, ಒಂದು ಹಿಡಿ ರಾಗಿ ಹಾಕಿ ತಿರುಗಿಸಿ, ಹಿಟ್ಟನ್ನು ಬೆರಳುಗಳ ನಡುವೆ ಉಜ್ಜಿ ನೋಡುವಳು. ನುಣ್ಣಗಿದ್ದರೆ, “ಕಲ್ಲು ಸರಿಯಾಗೈತೆ ಅವ್ವಾ, ಇನ್ನಾರು ತಿಂಗಳು ಕುಟ್ಟಬ್ಯಾಡ,” ಎಂದು ಹೇಳಿ, ಅಜ್ಜಿ ಕೊಟ್ಟ ಒಂದು ಸೇರು ರಾಗಿಯನ್ನಷ್ಟೇ ಸೆರಗಿನಲ್ಲಿ ಕಟ್ಟಿಕೊಂಡು ಹೊರಡುವಳು. ಕುಟ್ಟಿದ್ದರೆ ಅದರ ಮೂರರಷ್ಟು ಕೂಲಿ ಸಿಕ್ಕುತ್ತಿತ್ತು. ಅನಾವಶ್ಯಕವಾಗಿ ಕುಟ್ಟಿದ ಕಲ್ಲು ಅಷ್ಟರಮಟ್ಟಿಗೆ ಸವೆದುಹೋಗುತ್ತದೆಂಬುದು ಅವಳಿಗೆ ಗೊತ್ತಿತ್ತು. ಕಲ್ಲನ್ನು ಉಳಿಸುವುದೂ ತನ್ನ ಕೆಲಸವೆಂದೇ ಅವಳು ತಿಳಿದಿದ್ದಳು.

ಲೇತನ್ನು ನಾನು ದ್ವೇಷಿಸುವವನಲ್ಲ. ಮಿತ್ರರ ಎಡ ಡಿಸ್ಕನ್ನು ಕೊನೆಗೆ ನಾವು ಲೇತಿಗೆ ಕೊಟ್ಟದ್ದೂ ಉಂಟು; ದಪ್ಪದ ವ್ಯತ್ಯಾಸ ಆಗಲೇ ಹುಟ್ಟಿಬಿಟ್ಟಿತ್ತು, ಅದರ ಮೇಲೆ ಒತ್ತಿದ್ದ ಕನಿಷ್ಠ ದಪ್ಪದ ಅಂಕಿಗಿಂತ ಡಿಸ್ಕು ಇನ್ನೂ ಸಾಕಷ್ಟು ಮೇಲಿತ್ತು. ಆದರೆ ಅದಕ್ಕೆ ಮುಂಚೆ ಹಬ್ಬಿನ ಮುಖವನ್ನು ತಂತಿಯ ಬ್ರಷ್ಷಿನಿಂದಲೂ ಎಮರಿ ಕಾಗದದಿಂದಲೂ ಉಜ್ಜಿ ಬಿಳಿಯ ಲೋಹ ಕಾಣುವಂತೆ ಮಾಡಿದೆವು. ಡಿಸ್ಕಿನ ಒಳಮುಖಕ್ಕೂ ಅದೇ ಉಪಚಾರ. ಮರಳಿ ಕೂರಿಸಿ ಅಳೆದಾಗ ತೂಗಾಟ 0.11ರಿಂದ 0.05ಕ್ಕೆ ಇಳಿದಿತ್ತು, ಡಿಸ್ಕನ್ನು ಹಬ್ಬಿನ ಮೇಲೆ ಒಂದು ಬೋಲ್ಟಿನಷ್ಟು ತಿರುಗಿಸಿ ಕೂರಿಸಿದಾಗ, ಹಬ್ಬಿನ ಓರೆಯನ್ನು ಡಿಸ್ಕಿನ ಓರೆ ಕಳೆದು, 0.03ಕ್ಕೆ ನಿಂತಿತು. ಜಾರುವ ಪಿನ್ನುಗಳನ್ನು ಒರಸಿ ಹೊಸ ಗ್ರೀಸು ಹಚ್ಚಿದೆವು. ನಟ್ಟುಗಳನ್ನು ಗಾಳಿಯ ಗನ್ನಿನಿಂದ ಬಡಿಯದೆ, ಒಂದರ ಎದುರಿಗೆ ಒಂದರಂತೆ, ಕೈಪಿಡಿಯಲ್ಲಿ ಹೇಳಿದ 100 ನ್ಯೂಟನ್ ಮೀಟರಿನ ಆಸುಪಾಸಿಗೆ ಟಾರ್ಕ್ ರೆಂಚಿನಿಂದ ಮೂರು ಸಲದಲ್ಲಿ ಬಿಗಿದೆವು. ಡಿಸ್ಕನ್ನು ಹಬ್ಬಿಗೂ ಚಕ್ರಕ್ಕೂ ನಡುವೆ ಹಿಡಿದು ನಿಲ್ಲಿಸುವುದು ಈ ನಾಲ್ಕು ನಟ್ಟುಗಳೇ ಆದುದರಿಂದ, ಅವುಗಳಲ್ಲೊಂದನ್ನು ಅತಿಯಾಗಿ ಬಿಗಿದರೆ ತುಕ್ಕಿನ ಚಕ್ಕೆ ಮಾಡುವ ಕೇಡನ್ನು ಅದೂ ಮಾಡಬಲ್ಲುದು. ಕಡೆಗೆ ಬರಿದಾದ ರಸ್ತೆಯಲ್ಲಿ 60ರಿಂದ 20ಕ್ಕೆ ಎಂಟು ಹತ್ತು ಸಲ ಹದವಾಗಿ ಇಳಿಸಿ, ಎಲ್ಲಿಯೂ ನಿಲ್ಲದೆ ಓಡಿಸಿ ಆರಿಸಿ, ಪ್ಯಾಡಿನ ತೆಳುಪದರವನ್ನು ಡಿಸ್ಕಿನ ಸುತ್ತಲೂ ಸಮವಾಗಿ ಹೊದಿಸಿದೆವು. ಆ ಸಂಜೆ 100ರಿಂದ ಬ್ರೇಕು ಹಿಡಿದಾಗ ಮಿತ್ರರು ಸ್ಟಿಯರಿಂಗಿನ ಮೇಲೆ ಎರಡು ಬೆರಳುಗಳನ್ನಷ್ಟೇ ಇಟ್ಟಿದ್ದರು.

ಹಬ್ಬನ್ನು ಉಜ್ಜಲು ಹಿಡಿದದ್ದು ಚಕ್ರವೊಂದಕ್ಕೆ ಇಪ್ಪತ್ತು ನಿಮಿಷ; ಎಮರಿ ಕಾಗದ ಒಂದು ಹಾಳೆ. ಮುಂದಿನ ಸಲ ನಿಮ್ಮ ಕಾರಿಗೆ ಹೊಸ ಡಿಸ್ಕು ಬಂದು ಅದರ ಕಾಗದವನ್ನು ಬಿಚ್ಚುತ್ತಿರುವಾಗ ಅಲ್ಲಿಯೇ ನಿಂತಿದ್ದು, ಮಿಸ್ತ್ರಿಯನ್ನು ಸೌಜನ್ಯದಿಂದ ಒಂದೇ ಒಂದು ಮಾತು ಕೇಳಿ: “ಹಾಕೋದಕ್ಕೆ ಮುಂಚೆ ಹಬ್ ತೋರಿಸಿ ಅಣ್ಣಾ.” ಬ್ರೇಕ್ ಆಯಿಲು ಮುಂದಿನ ವಾರ.