ಹಾಜರಾತಿ ಕೊರತೆ

ಈ ಮಳೆಗಾಲದಲ್ಲಿ ಮೂರು ಪುಸ್ತಕಗಳನ್ನು ಮತ್ತೆ ಓದಿದೆ. ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ (2013), ದು. ಸರಸ್ವತಿಯವರು ಕನ್ನಡಕ್ಕೆ ತಂದ ಎ. ರೇವತಿಯವರ ಆತ್ಮಕಥೆ ‘ಬದುಕು ಬಯಲು’, ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಮಂಜಮ್ಮ ಜೋಗತಿಯವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’. ಇವುಗಳಲ್ಲಿ ದೇಹ, ಕಾಮ, ಕುಟುಂಬ, ಸಮುದಾಯಗಳು ಹೇಗೆ ಬಂದಿವೆ ಎಂಬುದರ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ನಾನು ಈ ಸಲ ಹುಡುಕಿದ್ದು ಶಾಲೆ, ಕಾಲೇಜು, ಹಾಸ್ಟೆಲುಗಳನ್ನು. ವಿಶ್ವವಿದ್ಯಾಲಯಗಳಲ್ಲಿ ಎಲ್‌ಜಿಬಿಟಿ ವಿದ್ಯಾರ್ಥಿಗಳಿಗಾಗಿ ಒಂದು ಸಂಪನ್ಮೂಲ ಕೇಂದ್ರ ಬೇಕು ಎಂಬ ಮಾತು ಈಗ ಸೆಮಿನಾರುಗಳಲ್ಲಿ ಕೇಳಿಬರುತ್ತದೆ. ಬೇಕು, ಸರಿ. ಅದು ಯಾತಕ್ಕೆ ಬೇಕು, ಅಲ್ಲಿ ಏನಿರಬೇಕು ಎಂಬುದನ್ನು ಸುತ್ತೋಲೆಗಿಂತ ಈ ಪುಸ್ತಕಗಳು ಚೆನ್ನಾಗಿ ಹೇಳಬಲ್ಲವು ಎಂದು ನನ್ನ ಅನಿಸಿಕೆ. ಅವುಗಳಲ್ಲಿ ಇಲ್ಲದೇ ಇರುವುದೂ ಹೇಳುತ್ತದೆ.

ರೇವತಿಯವರದು ತಮಿಳುನಾಡಿನ ನಾಮಕ್ಕಲ್ ಕಡೆಯ ಹಳ್ಳಿ. ಅವರ ಶಾಲೆಯ ಪುಟಗಳಲ್ಲಿ ಸಹಪಾಠಿಗಳ ಗೇಲಿ ಇದೆ, ಮೇಷ್ಟರ ಬೈಗುಳ, ಏಟುಗಳಿವೆ. ಪಾಠ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮುಂದೆ ಮನೆ ಬಿಟ್ಟು ದೆಹಲಿ, ಮುಂಬೈಗಳ ಹಿಜ್ರಾ ಮನೆಗಳನ್ನು ಸೇರಿದಾಗಲೇ ಅವರು ‘ಕಲಿಯುವುದು’ ಶುರುವಾಗುತ್ತದೆ. ಗುರು, ಚೇಲಾ, ನಿಯಮ, ದಂಡ ಎಲ್ಲವೂ ಇರುವ ಒಂದು ಕಟ್ಟುನಿಟ್ಟಿನ ಪಾಠಶಾಲೆ ಅದು. ಬಳ್ಳಾರಿ ಜಿಲ್ಲೆಯ ಮಂಜಮ್ಮ ಎಸ್ಸೆಸ್ಸೆಲ್ಸಿವರೆಗೆ ಓದಿದವರು. ಹುಲಿಗಿಯಲ್ಲಿ ಮುತ್ತು ಕಟ್ಟಿಸಿದ ಮೇಲೆ ಮನೆಯೇ ದೂರವಾಯಿತು. ವಿಷ ಕುಡಿದು ಬದುಕಿದರು, ಭಿಕ್ಷೆ ಬೇಡಿದರು, ಇಡ್ಲಿ ಮಾರಿದರು. ಆಮೇಲೆ ಕಾಳವ್ವ ಜೋಗತಿಯವರ ಬಳಿ ನೃತ್ಯ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, 2021ರಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದು ಎಲ್ಲರಿಗೂ ಗೊತ್ತು. ಆ ವಾರ ನಮ್ಮ ವಿಭಾಗದ ಬಹುಪಾಲು ಹುಡುಗರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಆ ವಿಡಿಯೋ ಇತ್ತು. ಕ್ಯಾಂಟೀನಿನಲ್ಲಿ ಒಬ್ಬ ಮೆತ್ತಗಿನ ಹುಡುಗನನ್ನು ‘ಏ ಖೋಜಾ’ ಎಂದು ಕರೆಯುವವರ ಸ್ಟೇಟಸ್ಸಿನಲ್ಲಿಯೂ ಇತ್ತು.

ಈ ಎರಡು ಆತ್ಮಕಥೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಶಾಲೆ ಹೊರಹಾಕಿದ ಮಗುವಿಗೆ ಊಟ, ಮಲಗುವ ಜಾಗ, ಹೊಸ ಹೆಸರು, ತಾಯಿ ಎಂದು ಕರೆಯಲು ಒಬ್ಬರು, ಕೈಗೊಂದು ಕಸುಬು ಕೊಟ್ಟದ್ದು ಜೋಗತಿಯರ ಮನೆ, ಹಿಜ್ರಾ ಜಮಾತು. ಸಂಪನ್ಮೂಲ ಕೇಂದ್ರ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಯಾರಾದರೂ ಬರೆದರೆ ಅದು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಅವರಲ್ಲಿ ಕೊಡಲಾಗದ್ದು ಒಂದೇ, ಡಿಗ್ರಿ. ಇನ್ನೊಂದೂ ಇದೆ. ಅಲ್ಲಿಗೆ ಹೋಗಲು ಸೀರೆ ಉಡುವ ಮನಸ್ಸಿರಬೇಕು. ಗಂಡಾಗಿಯೇ ಇದ್ದು ಗಂಡನ್ನು ಬಯಸುವ ಹುಡುಗನಿಗೆ, ಹುಡುಗಿಯನ್ನು ಬಯಸುವ ಹುಡುಗಿಗೆ ಆ ಬಾಗಿಲು ಒದಗುವುದಿಲ್ಲ.

‘ಮೋಹನಸ್ವಾಮಿ’ ಈ ಹುಡುಗನ ಪುಸ್ತಕ. ಸೈಕಲ್ ಹೊಡೆಯಲು ಬಾರದ್ದಕ್ಕೂ ಗಂಡಸುತನಕ್ಕೂ ಗಂಟು ಹಾಕಿ ಗೇಲಿ ಮಾಡುವ ಓರಗೆಯವರ ಲೋಕವನ್ನು ವಸುಧೇಂದ್ರ ಕಂಡಿರುವಷ್ಟು ಹತ್ತಿರದಿಂದ ಕನ್ನಡದಲ್ಲಿ ಬೇರೆ ಯಾರೂ ಕಂಡಿಲ್ಲ. ಮೋಹನಸ್ವಾಮಿ ಓದು ಬಿಡುವುದಿಲ್ಲ, ಪಾಸಾಗುತ್ತಾನೆ. ಇಂಗ್ಲಿಷ್ ಕಲಿಯುತ್ತಾನೆ, ಬೆಂಗಳೂರು ಸೇರುತ್ತಾನೆ, ಸಂಬಳ ಬರುತ್ತದೆ. ಜೊತೆಗಾರ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಟಾಗ ಒಳಗೆ ಕುಸಿಯುತ್ತಾನೆ. ಕೊನೆಯ ಕಥೆಯಲ್ಲಿ ಕಿಲಿಮಂಜಾರೋ ಏರುತ್ತಾನೆ. ಪುಸ್ತಕ ನನಗೆ ಬಹಳ ಇಷ್ಟ. ಆದರೂ ಕೊನೆಯ ಕಥೆ ಬಂದಾಗ ಪ್ರತಿಸಲವೂ ನಾನು ಸ್ವಲ್ಪ ಹಿಂದೆ ಸರಿಯುತ್ತೇನೆ. ಬಿಡುಗಡೆ ಆಫ್ರಿಕಾದ ಶಿಖರದ ಮೇಲೆ ಸಿಗುವುದಾದರೆ, ಅದಕ್ಕೆ ಮೊದಲು ಪಾಸ್‌ಪೋರ್ಟು, ಸಾಫ್ಟ್‌ವೇರ್ ಸಂಬಳ, ರಜೆ ಎಲ್ಲವೂ ಬೇಕು. ಮೋಹನಸ್ವಾಮಿ ಗೆದ್ದದ್ದು ಅಂಕಗಳಿಂದ. ನಲವತ್ತೆರಡು ಪರ್ಸೆಂಟಿನ ಮೋಹನಸ್ವಾಮಿಯ ಕಥೆಯನ್ನು ಯಾರೂ ಇನ್ನೂ ಬರೆದಿಲ್ಲ.

ವಿಮರ್ಶೆಯಲ್ಲಿ ಊರಿನ ಹೆಸರು ತರುವುದು ಸಣ್ಣತನವೆಂದು ಕೆಲವರಿಗೆ ಅನಿಸಬಹುದು, ನನಗೆ ಹಾಗನಿಸುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಿಂದ ಕಲಬುರಗಿಗೆ ಓದಲು ಬರುವ ಹುಡುಗ ಹುಡುಗಿಯರನ್ನು ಈ ಪುಸ್ತಕಗಳ ಮುಂದೆ ನಿಲ್ಲಿಸಿ ನೋಡಿ. ಒಬ್ಬನ ಅಪ್ಪ ಸಿಮೆಂಟ್ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸದವನು, ಇನ್ನೊಬ್ಬನ ಅಪ್ಪ ಶಹಾಬಾದಿನ ಪರಸಿ ಖಣಿಯಲ್ಲಿ ಕಲ್ಲು ಕಡಿಯುವವನು, ಮತ್ತೊಬ್ಬಳದು ಚಿಂಚೋಳಿಯ ತಾಂಡಾ. ಬಹಳ ಮಂದಿ ಡಿಗ್ರಿ ಮುಗಿಯುವತನಕ ಮನೆಯಿಂದಲೇ ಓಡಾಡುತ್ತಾರೆ, ರೈಲು ಇದ್ದ ಊರಿನವರು ರೈಲಿಗೆ, ಚಿಂಚೋಳಿಯವರು ಬಸ್ಸಿಗೆ. ರೈಲು ಡಬ್ಬಿಯಲ್ಲಿ ಊರೇ ಕೂತಿರುತ್ತದೆ. ‘ಅಂವ ಹುಡ್ಗೀರಂಗ ನಡೀತಾನ’ ಎನ್ನುವ ಮಾತು ಕಾಲೇಜಿನಲ್ಲಿ ಹುಟ್ಟಿದರೆ ಸಂಜೆಯ ಗಾಡಿಗೇ ಮನೆ ಮುಟ್ಟುತ್ತದೆ. ವಾಡಿಯಿಂದ ಬೆಂಗಳೂರು ಒಂದು ರಾತ್ರಿಯ ಪ್ರಯಾಣ. ಅಲ್ಲಿ ‘ಗುಡ್ ಆ್ಯಸ್ ಯು’ ಎಂಬ ಗುಂಪು 1994ರಿಂದ ಗುರುವಾರಗಳಂದು ಸೇರುತ್ತ ಬಂತು. ಇಲ್ಲಿಯ ಹುಡುಗನಿಗೆ ಗುರುವಾರ ಆಂತರಿಕ ಪರೀಕ್ಷೆ ಇರುತ್ತದೆ.

ನನ್ನ ಜೊತೆ ಪದವಿ ಓದುತ್ತಿದ್ದ ಒಬ್ಬ ಗೆಳೆಯ ಮೂರನೇ ಸೆಮಿಸ್ಟರಿನಲ್ಲಿ ಬರುವುದು ನಿಲ್ಲಿಸಿದ. ಹಾಸ್ಟೆಲಿನಲ್ಲಿ ಅವನ ಜೊತೆ ಕೋಣೆ ಹಂಚಿಕೊಳ್ಳಲು ಯಾರೂ ಒಪ್ಪಿರಲಿಲ್ಲ. ಅವನ ಹಾಸಿಗೆಯನ್ನು ವರಾಂಡಕ್ಕೆ ಹಾಕಿದರು, ಮೇಲಿನವರು ‘ಅಡ್ಜಸ್ಟ್ ಮಾಡ್ಕೋ’ ಎಂದರು. ಪರೀಕ್ಷೆಗೆ ಕೂರಲು ಅರ್ಹರಲ್ಲದವರ ಯಾದಿ ನೋಟಿಸ್ ಬೋರ್ಡಿಗೆ ಬಂದಾಗ ಅವನ ಹೆಸರಿನ ಮುಂದೆ ‘ಹಾಜರಾತಿ ಕೊರತೆ’ ಎಂದಿತ್ತು. ಅದೇ ಯಾದಿಯಲ್ಲಿ ಇಬ್ಬರು ಹುಡುಗಿಯರ ಹೆಸರೂ ಇತ್ತು. ಅವರದು ಮದುವೆಯಾಗಿತ್ತು. ಯಾವ ಹುಡುಗಿಯ ಮದುವೆ ಯಾವ ಗೆಳತಿಯಿಂದ ದೂರ ಮಾಡಲು ಅವಸರದಲ್ಲಿ ಆಯಿತು ಎಂಬುದು ಯಾವ ಕಚೇರಿಯ ಕಡತದಲ್ಲಿಯೂ ಬರುವುದಿಲ್ಲ. ಹೆಣ್ಣನ್ನು ಪ್ರೀತಿಸುವ ಹೆಣ್ಣು ನಾನು ಮತ್ತೆ ಓದಿದ ಈ ಮೂರು ಪುಸ್ತಕಗಳ ನಡುವಿನಲ್ಲೂ ಇಲ್ಲ. ಹುಡುಗನಿಗೆ ಓಡಿಹೋಗಲು ರೈಲಾದರೂ ಇದೆ. ಅವಳ ಓದೇ ಮನೆಯವರು ಕೊಟ್ಟ ಸಾಲ, ಯಾವಾಗ ಬೇಕಾದರೂ ವಾಪಸ್ ಕೇಳಬಹುದು. ಅವಳ ಕಥೆ ಬರೆಯಲು ಅವಳು ಮೊದಲು ಕಾಲೇಜಿನಲ್ಲಿ ಉಳಿಯಬೇಕು.

ಇಲ್ಲಿ ಸಂಪನ್ಮೂಲ ಎಂಬ ಪದದ ಬಗ್ಗೆ ಒಂದು ಮಾತು. ನಮ್ಮ ಕಡೆ ಆ ಪದ ಬಳಕೆಯಲ್ಲಿರುವುದು ‘ಸಂಪನ್ಮೂಲ ವ್ಯಕ್ತಿ’ ಎಂಬ ರೂಪದಲ್ಲಿ. ಅಂದರೆ ಶಾಲು, ಹಾರ, ಟಿಎ ಡಿಎ ತೆಗೆದುಕೊಂಡು ಮಧ್ಯಾಹ್ನದ ಊಟದ ಮೇಲೆ ಹೊರಡುವವರು. ಈ ಕೇಂದ್ರವೂ ಹಾಗಾದರೆ ವರ್ಷಕ್ಕೊಂದು ಬ್ಯಾನರು, ಕಾಮನಬಿಲ್ಲು, ಗ್ರೂಪ್ ಫೋಟೊ. ಇಂಥ ಕೇಂದ್ರಗಳ ಚರಿತ್ರೆ ಶುರುವಾದದ್ದು ಹಾಗಲ್ಲ. 1971ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ಅರೆಕಾಲಿಕ ಸಿಬ್ಬಂದಿಯ ಒಂದು ಸಣ್ಣ ಕಚೇರಿಯಾಗಿ ಆರಂಭವಾದದ್ದನ್ನು ಅಲ್ಲಿಯ ಮೊದಲನೆಯದು ಎನ್ನುತ್ತಾರೆ. ನಮ್ಮಲ್ಲಿ 2011ರಲ್ಲಿ ಮುಂಬೈ ಐಐಟಿಯ ‘ಸಾಥಿ’ ವಿದ್ಯಾರ್ಥಿಗಳೇ ಕಟ್ಟಿಕೊಂಡ ಗುಂಪು. 2018ರಲ್ಲಿ ಮುಂಬೈಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿ ಲಿಂಗಭೇದವಿಲ್ಲದ ಹಾಸ್ಟೆಲು ಬಂದದ್ದೂ ವಿದ್ಯಾರ್ಥಿಗಳು ಕೇಳಿದ್ದರಿಂದ. ಕೇಳುವ ಧೈರ್ಯಕ್ಕೂ ಇಂಗ್ಲಿಷಿಗೂ ಮಹಾನಗರಕ್ಕೂ ಸಂಬಂಧವಿದೆ, ಅದನ್ನು ಮುಚ್ಚಿಡಬೇಕಿಲ್ಲ.

ನಿಯಮಗಳು ಮಾತ್ರ ಮಹಾನಗರಕ್ಕೆ ಸೀಮಿತವಲ್ಲ. ಯುಜಿಸಿ 2016ರಲ್ಲಿ ತನ್ನ ರ‍್ಯಾಗಿಂಗ್ ತಡೆ ನಿಯಮಗಳಿಗೆ ತಿದ್ದುಪಡಿ ತಂದು, ಲೈಂಗಿಕ ಒಲವಿನ ಕಾರಣಕ್ಕೆ, ಲಿಂಗಾಂತರಿ ಎಂಬ ಕಾರಣಕ್ಕೆ ಮಾಡುವ ಹಿಂಸೆ, ಹೊರಗಿಡುವಿಕೆಗಳನ್ನೂ ರ‍್ಯಾಗಿಂಗ್ ಎಂದು ಹೆಸರಿಸಿದೆ. ಅದೇ ಸಾಲಿನಲ್ಲಿ ಜಾತಿ, ಭಾಷೆ, ಹುಟ್ಟಿದ ಊರುಗಳೂ ಇವೆ. ಹಾಸಿಗೆಯನ್ನು ವರಾಂಡಕ್ಕೆ ಹಾಕುವುದಕ್ಕೆ ಈ ದೇಶದ ನಿಯಮಾವಳಿಯಲ್ಲಿ ಹೆಸರಿದೆ ಎಂದಾಯಿತು. ನಾವು ಪ್ರವೇಶದ ವೇಳೆ ಸಹಿ ಮಾಡಿ ಕೊಡುವ ಮುಚ್ಚಳಿಕೆ ಈ ನಿಯಮಗಳ ಅಡಿಯದೇ. ಅದನ್ನು ಕನ್ನಡದಲ್ಲಿ ಓದಿ ಹೇಳುವ ಒಬ್ಬರು ಒಂದು ಕೋಣೆಯಲ್ಲಿ ಕೂತರೂ ಕೇಂದ್ರದ ಅರ್ಧ ಕೆಲಸ ಆದಂತೆ.

ಇನ್ನರ್ಧ ಕಷ್ಟದ್ದು, ಅದಕ್ಕೆ ನಮ್ಮ ಭಾಗದ ಚರಿತ್ರೆಯನ್ನು ನೆನೆಯಬೇಕು. ಈ ಐದೂ ಊರುಗಳು ನಿಜಾಮರ ಆಳ್ವಿಕೆಯಲ್ಲಿದ್ದವು. ಹೈದರಾಬಾದ್ ಸಂಸ್ಥಾನ 1329 ಫಸಲಿಯಲ್ಲಿ, ಅಂದರೆ 1919ರಲ್ಲಿ, ಹಿಜ್ರಾಗಳ ಮೇಲೊಂದು ಕಾಯ್ದೆ ಮಾಡಿತು. ಅವರ ಹೆಸರು ವಿಳಾಸ ಬರೆದಿಡುವ ರಿಜಿಸ್ಟರು ಇಡಬೇಕು, ಹೆಣ್ಣುಡುಗೆಯಲ್ಲಿ ಬೀದಿಯಲ್ಲಿ ಕಂಡರೆ ಹಿಡಿಯಬಹುದು. ಆ ಕಾಯ್ದೆಯನ್ನು ತೆಲಂಗಾಣ ಹೈಕೋರ್ಟ್ ಅಸಾಂವಿಧಾನಿಕವೆಂದು ತಳ್ಳಿಹಾಕಿದ್ದು 2023ರ ಜುಲೈನಲ್ಲಿ. ಅದರ ಪಡಿಯಚ್ಚನ್ನು ಕರ್ನಾಟಕ 2011ರಲ್ಲಿ ತನ್ನ ಪೊಲೀಸ್ ಕಾಯ್ದೆಗೆ 36ಎ ಕಲಮಾಗಿ ಸೇರಿಸಿಕೊಂಡಿತ್ತು. ಸರ್ಕಾರ ಈ ಜನರನ್ನು ಮೊದಲು ಗುರುತಿಸಿದ್ದು ಪಟ್ಟಿ ಮಾಡಲಿಕ್ಕೆ ಎನ್ನುವುದನ್ನು ಕೇಂದ್ರ ಕಟ್ಟುವವರು ಮರೆಯಬಾರದು. ಎಷ್ಟು ಮಂದಿ ಬಂದರು, ಯಾರು ಬಂದರು, ಸಹಿ ಎಲ್ಲಿ, ಫೋಟೊ ಎಲ್ಲಿ ಎಂದು ನ್ಯಾಕ್ ತಂಡದವರು ಕೇಳುತ್ತಾರೆ. ಕೇಂದ್ರದಲ್ಲಿ ಹಾಜರಿ ಪುಸ್ತಕ ಇಟ್ಟ ದಿನ ಅಲ್ಲಿಗೆ ಬರಬೇಕಾದವರು ಬರುವುದಿಲ್ಲ. ಲೈಂಗಿಕ ಒಲವು ಖಾಸಗಿತನದ ಮೂಲಭಾಗ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ ತೀರ್ಪಿನ ಮೂಲ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2018ರ ಸೆಪ್ಟೆಂಬರ್ 6ರ 377ನೇ ಕಲಮಿನ ತೀರ್ಪು ಆ ಮಾತಿನ ಮೇಲೇ ನಿಂತದ್ದು. ನಮ್ಮ ಹುಡುಗರಿಗೆ ಎರಡನೆಯದು ಸುದ್ದಿಯಾಗಿ ಗೊತ್ತು, ಹೆಚ್ಚು ಬೇಕಾದದ್ದು ಮೊದಲನೆಯದು.

ಹಾಗಾದರೆ ಹೆಸರು ಬರೆಸದೆ ಯಾರು ಬೇಕಾದರೂ ಹೊಕ್ಕು ಕೂರಬಹುದಾದ ಜಾಗ ವಿಶ್ವವಿದ್ಯಾಲಯದಲ್ಲಿ ಯಾವುದಿದೆ? ಗ್ರಂಥಾಲಯ. ಚಿತ್ತಾಪುರದ ಹತ್ತಿರದ ನಾಗಾವಿಯ 1058ರ ಶಾಸನ ಅಲ್ಲಿದ್ದ ಘಟಿಕಾಸ್ಥಾನದ ಲೆಕ್ಕ ಕೊಡುತ್ತದೆ: ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು, ಅವರಿಗೆ ಅಧ್ಯಾಪಕರು, ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗಳು, ಅಂದರೆ ಪುಸ್ತಕ ಕಾಯುವವರು. ಯಾರಿಗೆ ಅಲ್ಲಿ ಪ್ರವೇಶವಿತ್ತು, ಯಾರಿಗೆ ಇರಲಿಲ್ಲ ಎಂಬುದು ಬೇರೆ ಜಗಳ, ಆ ಜಗಳವನ್ನೂ ಆಡಬೇಕು. ಆದರೆ ಓದುವವನಿಗೆ ಅನ್ನ, ವಸತಿ, ಪುಸ್ತಕ ಮೂರಕ್ಕೂ ಹೊಲ ಬಿಟ್ಟಿದ್ದ ಆ ಲೆಕ್ಕಾಚಾರ ನನಗೆ ಹಿಡಿಸುತ್ತದೆ. ‘ಮೋಹನಸ್ವಾಮಿ’ ಬಂದ ಮೇಲೆ ಸಣ್ಣ ಊರುಗಳಿಂದ ಓದುಗರು ತಮಗೆ ಕರೆ ಮಾಡುತ್ತಾರೆಂದು ವಸುಧೇಂದ್ರ ಸಂದರ್ಶನಗಳಲ್ಲಿ ಹೇಳಿದ್ದಾರೆ. ಒಬ್ಬ ಕಥೆಗಾರನ ಫೋನು ಮಾಡುತ್ತಿರುವ ಕೆಲಸವನ್ನು ಒಂದು ವಿಶ್ವವಿದ್ಯಾಲಯ ಮಾಡಲಾಗುತ್ತಿಲ್ಲ.

ಕನ್ನಡ ವಿಭಾಗದವರಾದ ನಾವು ಮಾಡಬಹುದಾದದ್ದೂ ಇದೆ. ಈ ಪುಸ್ತಕಗಳು ತರಗತಿಗೆ ಬಂದಾಗ ನಾವು ಅವನ್ನು ‘ಅಂಚಿನ ಧ್ವನಿ’, ‘ವೇದನೆಯ ಕಥನ’ ಎನ್ನುತ್ತೇವೆ. ಎದುರು ಕೂತವರೆಲ್ಲ ಇದರ ಹೊರಗಿನವರು, ಕರುಣೆ ತೋರಬೇಕಾದವರು ಎಂದು ಅದರೊಳಗಿನ ಎಣಿಕೆ. ಮೂರನೇ ಬೆಂಚಿನಲ್ಲಿ ಒಬ್ಬ ತಲೆ ತಗ್ಗಿಸಿ ಕೂತಿರುತ್ತಾನೆ, ಯಾರಾದರೂ ನಗುತ್ತಾರೋ ಎಂದು ಕಾಯುತ್ತ. ಅವನಿಗೆ ನಮ್ಮ ಕರುಣೆಯಿಂದ ಉಪಯೋಗವಿಲ್ಲ. ಮಂಜಮ್ಮನವರ ಪುಸ್ತಕದ ಶೀರ್ಷಿಕೆ ಮುದನೂರಿನ ದಾಸಿಮಯ್ಯನ ವಚನವೊಂದನ್ನು ನೆನಪಿಸುತ್ತದೆ. ಆ ವಚನವನ್ನು ನಾವು ಪಿಯುಸಿಯಿಂದ ಎಂ.ಎ.ವರೆಗೆ ಆತ್ಮಕ್ಕೆ ಲಿಂಗವಿಲ್ಲ ಎಂದು ಬಿಡಿಸಿ ಬರೆದು ಅಂಕ ಪಡೆದಿದ್ದೇವೆ. ಮುದನೂರು ನಮ್ಮ ಪಕ್ಕದ ಯಾದಗಿರಿ ಜಿಲ್ಲೆಯದು. ಆತ್ಮದ ಬಗ್ಗೆ ಅಷ್ಟು ಧೈರ್ಯವಾಗಿ ಬರೆದ ನಾವು ಅದೇ ವಚನವನ್ನು ಆ ಬೆಂಚಿನವನ ನಡಿಗೆಗೆ, ದನಿಗೆ ಜೋಡಿಸಿ ಪಾಠ ಮಾಡಿದ್ದು ಕಡಿಮೆ.

ಪ್ರಾದೇಶಿಕ ಹಿಂದುಳಿದಿರುವಿಕೆಯೂ ಓದಿಗೆ ಅಡ್ಡಿ ಎಂದು ಸಂವಿಧಾನವೇ 371(ಜೆ) ಮೂಲಕ ಒಪ್ಪಿರುವ ಭಾಗ ನಮ್ಮದು. ಆ ಪ್ರಮಾಣಪತ್ರ ಹಿಡಿದು ಸೀಟು ಪಡೆದ ನಮಗೆ, ಸೀಟು ಕೊಟ್ಟರಷ್ಟೇ ಸಾಲದು, ಕೂತಲ್ಲಿ ಉಳಿಸಿಕೊಳ್ಳಬೇಕು ಎಂಬ ವಾದ ಹೊಸದಾಗಿ ಕೇಳಿಸಬಾರದು. ಅಪ್ಪನ ಸಹಿ ಇಲ್ಲದೆ ವಿದ್ಯಾರ್ಥಿವೇತನದ ಅರ್ಜಿ ಮುಂದೆ ಹೋಗುತ್ತದೆಯೇ, ಮನೆಯಿಂದ ಹೊರಹಾಕಿಸಿಕೊಂಡವನಿಗೆ ಸೆಮಿಸ್ಟರಿನ ನಡುವೆ ಹಾಸ್ಟೆಲು ಸಿಗುತ್ತದೆಯೇ, ಅಂಕಪಟ್ಟಿಯಲ್ಲಿ ಹೆಸರು ಬದಲಿಸಲು ಯಾವ ಕೌಂಟರಿಗೆ ಹೋಗಬೇಕು, ಅಲ್ಲಿಯ ಗುಮಾಸ್ತ ಜೋರಾಗಿ ಓದದೆ ಅರ್ಜಿ ತೆಗೆದುಕೊಳ್ಳುತ್ತಾನೆಯೇ? ಕೇಂದ್ರದ ಉದ್ಘಾಟನೆ ಆದರೆ ನಾನು ಕೇಳುವ ಪ್ರಶ್ನೆಗಳು ಇವು. ಪ್ರವೇಶಾತಿ ಮುಗಿದ ಮೇಲೆ ಕೋಣೆ ಹಂಚಿಕೆಯ ಯಾದಿ ಅಂಟಿಸುತ್ತಾರೆ, ಜನ ಮುಗಿಬಿದ್ದು ಜೊತೆಗಾರರ ಹೆಸರು ಹುಡುಕುತ್ತಾರೆ. ಆ ಮಧ್ಯಾಹ್ನ ಕೇಂದ್ರದ ಬಾಗಿಲು ತೆಗೆದಿರುತ್ತದೆಯೇ ಎಂದೂ ಕೇಳುತ್ತೇನೆ.